ಇಲಿ ಪಾಷಾಣದ ಡಬ್ಬಿಯ ಮೇಲೆ ‘ಗಿಫ್ಟ್’ ಎಂದು ಏಕಿದೆ?

ಪ್ರಶ್ನೆ: ಮಗಳ ಎರಡನೆಯ ಬಾಣಂತನಕ್ಕೆಂದು ಜರ್ಮನಿಗೆ ಹೋಗಿ ಮೂರು ತಿಂಗಳು ಇದ್ದು ಬಂದೆ. ಅವರ ಕಟ್ಟಡದ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕ, ತಲೆಬುರುಡೆಯ ಚಿತ್ರವಿದ್ದ ಒಂದು ಡಬ್ಬಿ ಇತ್ತು. ಏಳು ವರ್ಷದ ದೊಡ್ಡ ಮೊಮ್ಮಗಳು ಅದರ ಮೇಲಿದ್ದ ‘ರಾಟೆನ್‌ಗಿಫ್ಟ್’ ಎಂಬುದನ್ನು ಓದಿ, “ಅಜ್ಜಿ, ಅದನ್ನು ಮುಟ್ಟಬಾರದು, ಗಿಫ್ಟ್ ಅಂದರೆ ವಿಷ” ಎಂದಳು. ಆಮೇಲೆ ಸ್ವೀಡನ್‌ನಲ್ಲಿರುವ ಅಳಿಯನ ಸ್ನೇಹಿತರ ಮನೆಗೆ ಹೋದಾಗ ಅವರು ತುಂಬುತ್ತಿದ್ದ ಅರ್ಜಿಯಲ್ಲಿ ‘ವಿವಾಹಿತ’ ಎಂಬುದಕ್ಕೆ ‘ಗಿಫ್ಟ್’ ಎಂದೇ ಇತ್ತು. ಉಡುಗೊರೆ, ವಿಷ, ಮದುವೆ ಎಲ್ಲವೂ ಒಂದೇ ಪದವೇ ಅಥವಾ ಕಾಕತಾಳೀಯವೇ? ಇನ್ನೊಂದು ಸಂಗತಿ. ಒಂದು ಬೆಳಿಗ್ಗೆ ಮಂಜು ಮುಸುಕಿದ್ದನ್ನು ನೋಡಿ ನಾನು ‘ಮಿಸ್ಟ್’ ಎಂದಾಗ ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಅಲ್ಲಿ ಹಾಗೆಂದರೆ ಸಗಣಿ ಗೊಬ್ಬರವಂತೆ. ಇದೂ ಅದೇ ಕಥೆಯೇ? ಕೊನೆಗೆ, ನಾನು ಇಲ್ಲಿಂದ ಚಟ್ನಿಪುಡಿ ಕಳಿಸುವಾಗ ಪೆಟ್ಟಿಗೆಯ ಮೇಲೆ ‘ಗಿಫ್ಟ್’ ಎಂದು ಬರೆದರೆ ತೊಂದರೆಯೇ?

— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಎರಡು ಪದಗಳಿಗೆ ಉತ್ತರ ಎರಡು ದಿಕ್ಕಿಗೆ ಹೋಗುತ್ತದೆ. ಮೂರು ದೇಶಗಳ ‘ಗಿಫ್ಟ್’ ಒಂದೇ ತಾಯಿಯ ಮಕ್ಕಳು, ಬೇರೆ ಬೇರೆ ಮನೆಗಳಲ್ಲಿ ಬೆಳೆದವರು. ‘ಮಿಸ್ಟ್’ ಹಾಗಲ್ಲ. ಅಲ್ಲಿ ಹೆಸರು ಒಂದೇ, ಮನೆತನ ಬೇರೆ. ನೋಡುವುದಕ್ಕೆ ಎರಡೂ ಒಂದೇ ಬಗೆಯ ಸೋಜಿಗ ಅನ್ನಿಸುತ್ತವೆ. ಆದ್ದರಿಂದಲೇ ಇವೆರಡನ್ನೂ ಒಟ್ಟಿಗೆ ಕೇಳಿದ್ದು ಒಳ್ಳೆಯದಾಯಿತು.

‘ಗಿಫ್ಟ್’ ಪದವನ್ನು ಬಿಡಿಸಲು ಯುರೋಪಿಗೆ ಹೋಗುವ ಮೊದಲು ದಾವಣಗೆರೆಯಲ್ಲೇ ಒಂದು ಕ್ಷಣ ನಿಲ್ಲೋಣ. ಬಸ್ಸಿನಲ್ಲಿ ಪಕ್ಕ ಕುಳಿತವರು “ಮಗಳನ್ನು ಎಲ್ಲಿಗೆ ಕೊಟ್ಟಿದ್ದೀರಿ?” ಎಂದು ಕೇಳುತ್ತಾರೆ. ಆಸ್ಪತ್ರೆಯಿಂದ ಬಂದವರನ್ನು “ಡಾಕ್ಟರು ಏನು ಕೊಟ್ಟರು?” ಎನ್ನುತ್ತೇವೆ. ಗೃಹಪ್ರವೇಶದಿಂದ ಬಂದವರನ್ನು “ಏನು ಕೊಟ್ಟಿರಿ?” ಎನ್ನುತ್ತೇವೆ. ಮೂರರಲ್ಲೂ ಕ್ರಿಯಾಪದ ‘ಕೊಡು’ ಒಂದೇ. ಮೊದಲನೆಯದು ಮದುವೆ, ಎರಡನೆಯದು ಔಷಧ, ಮೂರನೆಯದು ಉಡುಗೊರೆ. ಕೊಟ್ಟದ್ದು ಏನು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಹೇಳದೆಯೇ ತಿಳಿಯುತ್ತದೆ. ಈಗ ‘ಕೊಡು’ ಧಾತುವಿಗೆ ‘ಗೆ’ ಪ್ರತ್ಯಯ ಸೇರಿ ಆದ ‘ಕೊಡುಗೆ’ ಎಂಬ ನಾಮಪದವನ್ನು ತೆಗೆದುಕೊಳ್ಳಿ. ಧಾರವಾಡದವರು ಅದನ್ನು ಮದುವೆಗೆ, ಮಂಗಳೂರಿನವರು ಔಷಧಕ್ಕೆ, ಮೈಸೂರಿನವರು ಉಡುಗೊರೆಗೆ ಮೀಸಲಿಟ್ಟರು ಎಂದು ಸುಮ್ಮನೆ ಕಲ್ಪಿಸಿಕೊಳ್ಳಿ. ಸಾವಿರ ವರ್ಷದ ಮೇಲೆ ಮೂರೂರಿನವರು ಒಂದೆಡೆ ಸೇರಿದರೆ ನಿಮ್ಮ ಪ್ರಶ್ನೆಯೇ ಅಲ್ಲಿಯೂ ಹುಟ್ಟುತ್ತದೆ.

‘ಗಿಫ್ಟ್’ ಆದದ್ದು ಹೀಗೆಯೇ. ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್, ಡೇನಿಷ್, ನಾರ್ವೇಜಿಯನ್, ಐಸ್‌ಲ್ಯಾಂಡಿಕ್ ಇವೆಲ್ಲ ಒಂದೇ ಜರ್ಮ್ಯಾನಿಕ್ ಬಳ್ಳಿಯ ಕುಡಿಗಳು. ಆ ಮೂಲ ಭಾಷೆಯಲ್ಲಿ ‘ಕೊಡು’ ಎಂಬ ಅರ್ಥದ ಧಾತುವಿಗೆ ‘ತಿ’ ಎಂಬ ಪ್ರತ್ಯಯ ಸೇರಿ ‘ಕೊಡುವಿಕೆ, ಕೊಟ್ಟದ್ದು’ ಎಂಬ ನಾಮಪದ ಹುಟ್ಟಿತು. ಇಂಗ್ಲಿಷಿನ ‘ಗಿವ್’, ಜರ್ಮನ್ನಿನ ‘ಗೇಬೆನ್’ ಆ ಧಾತುವಿನ ಈಗಿನ ರೂಪಗಳು. ‘ಗಿಫ್ಟ್’ ಅದರ ನಾಮಪದ. ಹುಟ್ಟಿದಾಗ ಅದರಲ್ಲಿ ವಿಷವೂ ಇರಲಿಲ್ಲ, ಮದುವೆಯೂ ಇರಲಿಲ್ಲ.

ಇಂಗ್ಲಿಷಿನ ‘ಗಿಫ್ಟ್’ ಅತಿ ಸರಳವಾದದ್ದು ಎಂದು ನಮಗೆ ಅನ್ನಿಸುತ್ತದೆ, ಏಕೆಂದರೆ ನಾವು ಕಲಿತದ್ದು ಅದನ್ನು. ಆದರೆ ಆ ಪದ ಇಂಗ್ಲಿಷಿಗೆ ಹೊರಗಿನಿಂದ ಬಂದದ್ದು. ಅದಕ್ಕೆ ಸಾಕ್ಷಿ ಮೊದಲ ಅಕ್ಷರದಲ್ಲೇ ಇದೆ. ಜರ್ಮನ್ನರು ಹಳದಿಗೆ ‘ಗೆಲ್ಬ್’ ಎಂದರೆ ಇಂಗ್ಲಿಷರು ‘ಯೆಲ್ಲೋ’ ಎನ್ನುತ್ತಾರೆ. ನಿನ್ನೆಗೆ ಜರ್ಮನ್ನರು ‘ಗೆಸ್ಟರ್ನ್’ ಎಂದರೆ ಇಂಗ್ಲಿಷರದು ‘ಯೆಸ್ಟರ್‌ಡೇ’. ಹಳೆಯ ಇಂಗ್ಲಿಷಿನಲ್ಲಿ ‘ಇ’, ‘ಎ’ ಸ್ವರಗಳಿಗೆ ಮೊದಲು ಬರುವ ‘ಗ’ಕಾರ ಮೆತ್ತಗಾಗಿ ‘ಯ’ಕಾರವಾಗಿತ್ತು. ಆ ಲೆಕ್ಕದಲ್ಲಿ ‘ಗಿಫ್ಟ್’ ಇಂದು ‘ಯಿಫ್ಟ್’ ಆಗಿರಬೇಕಿತ್ತು. ಮಧ್ಯಕಾಲದ ಇಂಗ್ಲಿಷ್ ಬರಹಗಳಲ್ಲಿ ‘ಯಿಫ್ಟ್’ ಎಂಬ ರೂಪ ನಿಜವಾಗಿಯೂ ಸಿಗುತ್ತದೆ. ಅದನ್ನು ತಳ್ಳಿ ಗಟ್ಟಿ ‘ಗ’ಕಾರವನ್ನು ತಂದು ಕೂರಿಸಿದವರು 9ನೆಯ ಶತಮಾನದಿಂದ ಇಂಗ್ಲೆಂಡಿನ ಪೂರ್ವ ಮತ್ತು ಉತ್ತರ ಭಾಗಗಳಲ್ಲಿ ನೆಲೆಸಿದ ವೈಕಿಂಗರು, ಎಂದರೆ ಡೆನ್ಮಾರ್ಕ್, ನಾರ್ವೆ ಕಡೆಯಿಂದ ಬಂದ ಕಡಲುಗಾರರು. ಅವರು ಮೊದಲು ಬಂದದ್ದು ಕೊಳ್ಳೆ ಹೊಡೆಯಲು. ಆಮೇಲೆ ಹೊಲ ಮಾಡಿದರು, ಅಲ್ಲಿಯವರೊಡನೆ ಸಂಬಂಧ ಬೆಳೆಸಿದರು, ಮನೆಯೊಳಗಿನ ಪದಗಳನ್ನೇ ಬಿಟ್ಟುಹೋದರು. ಮೊಟ್ಟೆಯ ‘ಎಗ್’, ಚರ್ಮದ ‘ಸ್ಕಿನ್’ ಕೂಡ ಅವರವೇ. ‘ಕೊಡು’, ‘ಮೊಟ್ಟೆ’, ‘ಚರ್ಮ’ದಂಥ ದಿನಬಳಕೆಯ ಪದಗಳನ್ನೇ ಒಂದು ಭಾಷೆ ಬದಲಿಸಿಕೊಂಡಿದೆ ಎಂದರೆ ಆ ಎರಡು ಜನ ಎಷ್ಟು ಹತ್ತಿರ ಬದುಕಿರಬೇಕು ಎಂದು ಯೋಚಿಸಿ.

ಹಾಗಾದರೆ ವೈಕಿಂಗರಿಗೂ ಮುಂಚೆ ಇಂಗ್ಲಿಷರ ಸ್ವಂತ ‘ಯಿಫ್ಟ್’ ಏನನ್ನು ಹೇಳುತ್ತಿತ್ತು? ಮದುವೆಯನ್ನು. 688ರಿಂದ 726ರವರೆಗೆ ವೆಸೆಕ್ಸ್ ರಾಜ್ಯವನ್ನು ಆಳಿದ ಇನೆ ಎಂಬ ದೊರೆಯ ಕಾನೂನುಗಳಲ್ಲಿ ಒಂದು ಕಟ್ಟಳೆಯಿದೆ. ಒಬ್ಬ ಹೆಣ್ಣಿಗೆಂದು ಹಣ ತೆತ್ತ ಮೇಲೆ ‘ಗಿಫ್ಟ್’ ನಡೆಯದೆ ಹೋದರೆ ಆ ಹಣವನ್ನು ಹಿಂದಿರುಗಿಸಬೇಕು ಎಂಬುದು ಅದರ ಆರಂಭ. ಇಲ್ಲಿ ‘ಗಿಫ್ಟ್’ ಎಂದರೆ ಹೆಣ್ಣನ್ನು ಕೊಟ್ಟು ಮಾಡುವ ಮದುವೆ. ಅದೇ ಪದಕ್ಕೆ ವರನ ಕಡೆಯವರು ಹೆಣ್ಣಿನ ಕಡೆಗೆ ತೆರುವ ಹಣ ಎಂಬ ಅರ್ಥವೂ ಇತ್ತು. ನಮ್ಮ ಹಳ್ಳಿಗಳಲ್ಲಿ ಹಿರಿಯರು ‘ತೆರ’ ಎನ್ನುತ್ತಿದ್ದರಲ್ಲ, ಅದು. ಎಂದರೆ ಸ್ವೀಡನ್ನಿನ ಅರ್ಜಿಯಲ್ಲಿ ನೀವು ಕಂಡ ಅರ್ಥ ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲೂ ಇತ್ತು. ಇಂಗ್ಲಿಷರು ಅದನ್ನು ಮರೆತರು, ಸ್ವೀಡನ್ನಿನವರು ಉಳಿಸಿಕೊಂಡರು.

ಸ್ವೀಡನ್ನಿನಲ್ಲಿ ಅದು ಎಷ್ಟು ಗಟ್ಟಿಯಾಗಿ ಉಳಿಯಿತೆಂದರೆ 1734ರ ಅವರ ದೊಡ್ಡ ಕಾನೂನು ಸಂಹಿತೆಯಲ್ಲಿ ವಿವಾಹದ ಭಾಗಕ್ಕೇ ಆ ಪದದಿಂದ ಕಟ್ಟಿದ ಹೆಸರಿತ್ತು. ಹೆಣ್ಣನ್ನು ಮದುವೆ ಮಾಡಿಕೊಡುವ ಹಕ್ಕು ಯಾರದೋ ಅವನಿಗೆ, ಸಾಮಾನ್ಯವಾಗಿ ತಂದೆಗೆ, ‘ಗಿಫ್ಟೊಮನ್’ ಎಂದು ಹೆಸರಿತ್ತು. ಕೊಡುವವನು ಎಂದರ್ಥ. ನಮ್ಮ ಕನ್ಯಾದಾನ ಮಾಡುವವನ ಸ್ಥಾನವದು. ಮೊದಲು ‘ಗಿಫ್ಟ್’ ಆಗುತ್ತಿದ್ದವಳು ಹೆಣ್ಣು ಮಾತ್ರ, ಏಕೆಂದರೆ ಕೊಡುತ್ತಿದ್ದದ್ದು ಅವಳನ್ನು ಮಾತ್ರ. ಇಂದು ಗಂಡಸೂ ‘ನಾನು ಗಿಫ್ಟ್’ ಎನ್ನುತ್ತಾನೆ. ಕೊಡುವ ಪದ್ಧತಿ ಹೋಯಿತು, ಕೊಟ್ಟದ್ದು ಎಂಬ ಪದ ಉಳಿಯಿತು. ಇದನ್ನು ಓದುವಾಗ ನನಗೆ “ಮಗಳನ್ನು ಎಲ್ಲಿಗೆ ಕೊಟ್ಟಿದ್ದೀರಿ?” ಎಂಬ ನಮ್ಮ ಪ್ರಶ್ನೆ ಕಿವಿಯಲ್ಲಿ ಕೇಳುತ್ತಲೇ ಇರುತ್ತದೆ. ತಾನೇ ಮೆಚ್ಚಿ, ತಾನೇ ನೋಂದಣಿ ಮಾಡಿಸಿಕೊಂಡ ಮಗಳ ಬಗ್ಗೆಯೂ ನಾವು ಹಾಗೆಯೇ ಕೇಳುತ್ತೇವೆ.

ಈಗ ವಿಷಕ್ಕೆ ಬರೋಣ. ನಿಮಗೆ ಹೆಚ್ಚು ಅಚ್ಚರಿ ತಂದದ್ದು ಅದು, ನನಗೂ ಅದೇ. ಕೊಡುಗೆ ವಿಷವಾಗುವುದು ಹೇಗೆ? ಅದರ ಬೇರು ಗ್ರೀಕರ ವೈದ್ಯದಲ್ಲಿದೆ. ಗ್ರೀಕಿನಲ್ಲಿ ‘ದೋಸಿಸ್’ ಎಂದರೆ ಕೊಡುವಿಕೆ. ವೈದ್ಯರು ರೋಗಿಗೆ ಒಂದು ಸಲಕ್ಕೆ ಕೊಡುವ ಔಷಧದ ಪ್ರಮಾಣಕ್ಕೂ ಅವರು ಅದೇ ಪದ ಬಳಸಿದರು. ಆ ಪದ ಲ್ಯಾಟಿನ್ನಿಗೆ ಹೋಯಿತು, ಅಲ್ಲಿಂದ ಯುರೋಪಿನ ಭಾಷೆಗಳಿಗೆ ಹರಡಿತು. ಲಸಿಕೆ ಹಾಕಿಸಿಕೊಳ್ಳುವಾಗ ನಾವೆಲ್ಲ ಎಣಿಸಿದ ‘ಮೊದಲ ಡೋಸ್, ಎರಡನೆಯ ಡೋಸ್’ ಅದೇ ಪದ. ಜರ್ಮನ್ನರು ಮಾಡಿದ್ದೇನೆಂದರೆ, ‘ದೋಸಿಸ್’ ಎಂಬ ಲ್ಯಾಟಿನ್ ಪದಕ್ಕೆ ತಮ್ಮ ಸ್ವಂತ ‘ಕೊಡುಗೆ’ಯನ್ನು ಸಮಾನಪದವಾಗಿ ಇಟ್ಟರು. ಹೊರಗಿನ ಪದವನ್ನು ತರದೆ, ಅದರ ಅರ್ಥವನ್ನು ಮಾತ್ರ ತಂದು ತಮ್ಮ ಪದದ ಮೈಗೆ ತೊಡಿಸಿದರು. ಹೀಗೆ ‘ಗಿಫ್ಟ್’ ಎಂದರೆ ‘ಕೊಟ್ಟ ಮದ್ದು’ ಎಂದಾಯಿತು. ಮದ್ದಿನಿಂದ ವಿಷಕ್ಕೆ ಒಂದು ಹೆಜ್ಜೆ ಮಾತ್ರ.

ಆ ಒಂದು ಹೆಜ್ಜೆಯನ್ನು ನಾನು ಪುಸ್ತಕದಿಂದ ವಿವರಿಸಬೇಕಿಲ್ಲ. ನಿಮ್ಮ ಜಿಲ್ಲೆಯ ಯಾವುದಾದರೂ ಭತ್ತದ ಗದ್ದೆಯ ಬದುವಿನ ಮೇಲೆ ನಿಂತು ನೋಡಿ. ಬೆನ್ನಿಗೆ ಡಬ್ಬಿ ಕಟ್ಟಿಕೊಂಡು, ಮೂಗಿಗೆ ಟವೆಲ್ ಸುತ್ತಿಕೊಂಡು, ಒಂದು ಕೈಯಲ್ಲಿ ಹಿಡಿಯನ್ನು ಒತ್ತುತ್ತ ಇನ್ನೊಂದು ಕೈಯಲ್ಲಿ ನಳಿಕೆ ಬೀಸುತ್ತ ಸಾಲಿನಿಂದ ಸಾಲಿಗೆ ನಡೆಯುವ ರೈತನನ್ನು ಏನು ಮಾಡುತ್ತಿದ್ದೀಯಪ್ಪ ಎಂದು ಕೇಳಿದರೆ, “ಔಷಧಿ ಹೊಡೆಯುತ್ತಿದ್ದೇನೆ” ಎನ್ನುತ್ತಾನೆ. ಡಬ್ಬಿಯಲ್ಲಿರುವುದು ಹುಳವನ್ನು ಕೊಲ್ಲುವ ವಿಷ. ಅಂಗಡಿಯ ಹಲಗೆಯಲ್ಲಿ ‘ಕೀಟನಾಶಕ’ ಎಂದಿರುತ್ತದೆ. ಬಾಯಲ್ಲಿ ಮಾತ್ರ ಅದು ಔಷಧಿ. ಇಲಿಗೆ ಇಡುವುದೂ ಇಲಿ ಔಷಧಿ. ಊರಲ್ಲಿ ಯಾವುದಾದರೂ ಮನೆಯಲ್ಲಿ ಆಗಬಾರದ್ದು ಆದಾಗಲೂ ಜನ ದನಿ ತಗ್ಗಿಸಿ “ಔಷಧಿ ಕುಡಿದುಬಿಟ್ಟನಂತೆ” ಎನ್ನುತ್ತಾರೆ. ‘ವಿಷ’ ಎಂಬ ಪದ ಬಾಯಿಗೆ ಬರುವುದಿಲ್ಲ. ಬಂದರೆ ಸಂಕಟ ಇನ್ನಷ್ಟು ಹತ್ತಿರ ಬಂದಂತೆ. ಹೀಗೆ ನೂರಾರು ವರ್ಷ ಹೇಳುತ್ತ ಹೋದರೆ, ವೈದ್ಯರು ಕೊಡುವುದಕ್ಕೆ ಬೇರೆ ಪದ ಬಂದು, ‘ಔಷಧಿ’ ಎಂದರೆ ವಿಷವೊಂದೇ ಆಗಿಬಿಡಬಹುದು. ಜರ್ಮನ್ನಿನಲ್ಲಿ ಆದದ್ದು ಇಷ್ಟೇ. ಕೆಟ್ಟದ್ದನ್ನು ಮರೆಸಲು ಒಳ್ಳೆಯ ಪದವನ್ನು ಹೊದಿಸಿದರು. ಕೆಟ್ಟದ್ದು ಆ ಪದದೊಳಗೆ ಇಳಿದು ಕುಳಿತಿತು.

ನಮ್ಮ ‘ಮದ್ದು’ ಕೂಡ ಈ ದಾರಿಯಲ್ಲಿ ಅರ್ಧ ನಡೆದ ಪದ. ಹಳಗನ್ನಡದ ‘ಮರ್ದು’ ಅದು. ತಮಿಳಿನ ‘ಮರುಂದು’, ತೆಲುಗಿನ ‘ಮಂದು’ ಅದರ ಒಡಹುಟ್ಟುಗಳು. ಕೆಮ್ಮಿಗೆ ಮದ್ದು ಎಂದರೆ ಔಷಧ, ಸಿಡಿಮದ್ದು ಎಂದರೆ ಜೀವ ತೆಗೆಯುವ ಪುಡಿ, “ಊಟದಲ್ಲಿ ಮದ್ದು ಹಾಕಿದ್ದಾರೆ” ಎಂದರೆ ಯಾರೋ ಕೇಡು ಬಗೆದಿದ್ದಾರೆ ಎಂದು. ಗ್ರೀಕರ ‘ಫಾರ್ಮಕಾನ್’ ಎಂಬ ಪದಕ್ಕೂ ಮದ್ದು, ವಿಷ ಎಂಬ ಎರಡೂ ಅರ್ಥಗಳಿದ್ದವು. ಮದ್ದಿನಂಗಡಿಯ ಹಲಗೆಯ ಮೇಲೆ ನಾವು ದಿನವೂ ಓದುವ ‘ಫಾರ್ಮಸಿ’ ಅದರಿಂದ ಬಂತು. ಲ್ಯಾಟಿನ್ನಿನಲ್ಲಿ ಪಾನೀಯ ಎಂಬ ಅರ್ಥದ ‘ಪೋತಿಯೋ’ ಇತ್ತು. ಅದು ಫ್ರೆಂಚಿನ ಬಾಯಲ್ಲಿ ಸವೆದು ‘ಪಾಯ್ಸನ್’ ಆಗಿ ವಿಷವಾಯಿತು. ಅದೇ ಪದ ವಿದ್ವಾಂಸರ ಬರಹದ ದಾರಿಯಲ್ಲಿ ‘ಪೋಷನ್’ ಆಗಿ ಔಷಧದ ಪಾನೀಯವಾಗಿಯೇ ಉಳಿಯಿತು. ಎರಡೂ ಇಂಗ್ಲಿಷಿನಲ್ಲಿ ಇಂದಿಗೂ ಅಕ್ಕಪಕ್ಕ ಬದುಕಿವೆ.

ಜರ್ಮನ್ನಿನಲ್ಲಿ ‘ಗಿಫ್ಟ್’ ವಿಷವಾಗಲು ಇನ್ನೊಂದು ಕಾರಣವೂ ಒದಗಿತು ಎಂದು ನಾನು ನಂಬುತ್ತೇನೆ. ವಿಷಕ್ಕೆ ಅವರ ಹಳೆಯ ಪದ ‘ಐಟರ್’. ವೈಕಿಂಗರಲ್ಲೂ ಅದೇ ಪದ ಇತ್ತು. ಐಸ್‌ಲ್ಯಾಂಡಿನವರು ಇವತ್ತಿಗೂ ವಿಷಕ್ಕೆ ಅದನ್ನೇ ಬಳಸುತ್ತಾರೆ. ಡೆನ್ಮಾರ್ಕಿನಲ್ಲಿ ಜೇಡಕ್ಕಿರುವ ಹೆಸರಿನಲ್ಲೂ ಅದು ಅಡಗಿದೆ, ಜೇಡ ಅಲ್ಲಿ ‘ವಿಷದ ತಲೆ’. ಆದರೆ ಜರ್ಮನ್ನಿನಲ್ಲಿ ‘ಐಟರ್’ ಪದದ ಅರ್ಥ ಸಂಕುಚಿತವಾಗುತ್ತ ಬಂದು ಗಾಯದಲ್ಲಿ ಕೂಡುವ ಕೀವು ಎಂದಷ್ಟೇ ಆಯಿತು. ವಿಷಕ್ಕೆ ಒಂದು ಪದದ ಜಾಗ ಖಾಲಿಯಾಗುತ್ತಿದ್ದಾಗ ‘ಗಿಫ್ಟ್’ ಆ ಬಾಗಿಲಲ್ಲಿ ನಿಂತಿತ್ತು. ಕೊಡುಗೆ ಮತ್ತು ವಿಷ ಎಂಬ ಎರಡರ್ಥಗಳೂ ಬಹುಕಾಲ ಜೊತೆಯಾಗಿ ನಡೆದವು. ಕೊನೆಗೆ ಒಂದೇ ಪದ ಮದುವೆ ಮನೆಗೂ ಇಲಿ ಬಿಲಕ್ಕೂ ಸಲ್ಲುವುದು ಕಷ್ಟವಾಗಿ, ಕೊಡುಗೆಯ ಅರ್ಥ ಹಿಂದೆ ಸರಿಯಿತು.

ಪೂರ್ತಿಯಾಗಿ ಅಳಿಯಲಿಲ್ಲ ಮಾತ್ರ. ನಿಮ್ಮ ಮಗಳನ್ನು ‘ಮಿಟ್‌ಗಿಫ್ಟ್’ ಎಂದರೇನು ಎಂದು ಕೇಳಿ. ‘ಮಿಟ್’ ಎಂದರೆ ಜೊತೆಗೆ. ಜೊತೆಗೆ ಕೊಟ್ಟದ್ದು, ಮದುವೆಯಾಗಿ ಹೋಗುವ ಹೆಣ್ಣಿನೊಂದಿಗೆ ತವರಿನವರು ಕಳಿಸುವುದು. ನಮ್ಮ ‘ಬಳುವಳಿ’ಗೆ ಇದಕ್ಕಿಂತ ಹತ್ತಿರದ ಜರ್ಮನ್ ಪದ ನನಗೆ ಗೊತ್ತಿಲ್ಲ. ವ್ಯಾಕರಣವೂ ಇಲ್ಲಿ ಹಳೆಯ ಗುರುತನ್ನು ಇಟ್ಟುಕೊಂಡಿದೆ. ವಿಷವೆಂಬ ‘ಗಿಫ್ಟ್’ ಇಂದು ನಪುಂಸಕ ಲಿಂಗ. ‘ಮಿಟ್‌ಗಿಫ್ಟ್’ ಮಾತ್ರ ಸ್ತ್ರೀಲಿಂಗ, ಹಿಂದೆ ಕೊಡುಗೆಯ ‘ಗಿಫ್ಟ್’ ಇದ್ದಂತೆಯೇ. ಸ್ವೀಡನ್ನಿನವರೂ ಬಳುವಳಿಗೆ ಮನೆ ಎಂಬರ್ಥದ ‘ಹೆಮ್’ ಸೇರಿಸಿ ಅದೇ ‘ಗಿಫ್ಟ್’ನಿಂದ ಪದ ಕಟ್ಟಿದ್ದಾರೆ.

ಜರ್ಮನ್ನಿನ ಈ ಪದ ನನಗೆ ಯಾವತ್ತೂ ಬೇಸರ ತರಿಸದಿರುವುದಕ್ಕೆ ಕಾರಣ ಅದರ ಬದಲಿಗೆ ಬಂದ ಪದ. ಉಡುಗೊರೆಗೆ ಅವರು ಈಗ ‘ಗೆಶೆಂಕ್’ ಎನ್ನುತ್ತಾರೆ. ಅದು ‘ಶೆಂಕೆನ್’ ಎಂಬ ಕ್ರಿಯಾಪದದಿಂದ ಬಂದದ್ದು. ‘ಶೆಂಕೆನ್’ ಎಂದರೆ ಮೊದಲು ಕೊಡು ಎಂದಿರಲಿಲ್ಲ. ಬಟ್ಟಲಿಗೆ ಪಾನೀಯವನ್ನು ಸುರಿ, ಬಗ್ಗಿಸು ಎಂದಿತ್ತು. ಇವತ್ತಿಗೂ ಲೋಟಕ್ಕೆ ಸುರಿಯುವುದು ‘ಐನ್‌ಶೆಂಕೆನ್’. ಮನೆಗೆ ಬಂದವರಿಗೆ ಮೊದಲು ಕುಡಿಯಲು ಕೊಡುವುದೇ ಆದರವಾದ್ದರಿಂದ, ಸುರಿಯುವ ಪದವೇ ನಿಧಾನವಾಗಿ ಕೊಡುವ ಪದವಾಯಿತು. ಯೋಚಿಸಿ ನೋಡಿ. ಕೊಡುವ ಪದ ಬಟ್ಟಲೊಳಗೆ ಇಳಿದು ವಿಷವಾಯಿತು, ಬಟ್ಟಲಿಗೆ ಸುರಿಯುವ ಪದ ಮೇಲೆದ್ದು ಉಡುಗೊರೆಯಾಯಿತು. ಎರಡೂ ಒಂದೇ ಭಾಷೆಯಲ್ಲಿ ನಡೆದವು. ನಮ್ಮಲ್ಲಿ ‘ಧಾರೆ ಎರೆ’ ಎಂಬ ಮಾತಿದೆ. ನೀರು ಸುರಿದು ಕನ್ಯಾದಾನ ಮಾಡುವ ಆ ಕ್ರಿಯೆಯಿಂದ ‘ಬದುಕನ್ನೇ ಧಾರೆ ಎರೆದರು’ ಎಂಬ ಬಳಕೆ ಬಂತು. ಅಲ್ಲಿ ಸುರಿಯುವುದು ಕುಡಿಯಲು ಅಲ್ಲ, ಶಾಸ್ತ್ರಕ್ಕೆ. ಇಬ್ಬರ ದಾರಿಯೂ ಬೇರೆ. ಆದರೂ ಸುರಿಯುವುದು ಕೊಡುವುದಾದದ್ದು ಎರಡೂ ಕಡೆ ನಿಜ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1924ರಲ್ಲಿ ಈ ಪದದ ಮೇಲೆಯೇ ಒಂದು ಚಿಕ್ಕ ಲೇಖನ ಬರೆದರು. ಅದರ ಹೆಸರು ‘ಗಿಫ್ಟ್, ಗಿಫ್ಟ್’. ಹಳೆಯ ಜರ್ಮ್ಯಾನಿಕ್ ಜನರಲ್ಲಿ ಉಡುಗೊರೆ ಎಂದರೆ ಮುಖ್ಯವಾಗಿ ಒಟ್ಟಿಗೆ ಕುಡಿಯುವ ಪಾನೀಯ, ಕೊಟ್ಟ ಬಟ್ಟಲಿನಲ್ಲಿ ಏನಿದೆಯೋ ಎಂಬ ಅಳುಕು ತೆಗೆದುಕೊಳ್ಳುವವನಿಗೆ ಇದ್ದೇ ಇರುತ್ತದೆ, ಆದ್ದರಿಂದ ಎರಡು ಅರ್ಥಗಳ ನಡುವೆ ಆಳವಾದ ನಂಟಿದೆ ಎಂಬುದು ಅವರ ವಾದದ ತಿರುಳು. ಚೆಲುವಾದ ವಿಚಾರ. ಕೊಟ್ಟದ್ದು ತೆಗೆದುಕೊಂಡವನನ್ನು ಕಟ್ಟಿಹಾಕುತ್ತದೆ ಎಂಬುದು ಮದುವೆ ಮನೆಯ ಮುಯ್ಯಿ ಬರೆಯುವ ನಮಗೆ ಚೆನ್ನಾಗಿ ಗೊತ್ತು. ಆದರೂ ಪದದ ಇತಿಹಾಸಕ್ಕೆ ಬಂದಾಗ ನಾನು ‘ದೋಸಿಸ್’ ಪಕ್ಷವನ್ನೇ ಹಿಡಿಯುತ್ತೇನೆ. ವೈದ್ಯರ ಲ್ಯಾಟಿನ್ ಪಶ್ಚಿಮ ಯುರೋಪಿನ ಮಠಗಳಲ್ಲಿ ಓದುತ್ತಿದ್ದ ಭಾಷೆ. ಅಲ್ಲಿಂದ ಅರ್ಥ ಇಳಿದು ಬರುವುದಕ್ಕೆ ದಾರಿ ಕಣ್ಣೆದುರಿಗೇ ಇದೆ.

ಸ್ವೀಡನ್ನಿನ ವಿಷಯದಲ್ಲಿ ಒಂದು ಮಾತು ಬಾಕಿ ಇದೆ. ಅಲ್ಲಿ ‘ಗಿಫ್ಟ್’ ಎಂದರೆ ವಿವಾಹಿತ ಮಾತ್ರವಲ್ಲ, ವಿಷವೂ ಹೌದು. ಬರೆಯುವುದು ಒಂದೇ, ಉಚ್ಚಾರಣೆ ಎರಡಕ್ಕೂ ‘ಯಿಫ್ಟ್’. ಆದರೆ ಎರಡೂ ಒಂದೇ ಬಾಗಿಲಿನಿಂದ ಒಳಗೆ ಬಂದವಲ್ಲ. ಮದುವೆಯ ‘ಗಿಫ್ಟ್’ ಮನೆಯ ಕೂಸು. ವೈಕಿಂಗರ ಭಾಷೆಯಾದ ಹಳೆಯ ನಾರ್ಸ್‌ನಲ್ಲಿ ಮಗಳನ್ನು ಕೊಡು ಎಂಬ ಅರ್ಥದ ಕ್ರಿಯಾಪದದಿಂದ ನೇರವಾಗಿ ಬಂದದ್ದು. ವಿಷದ ‘ಗಿಫ್ಟ್’ ಹಡಗಿನಲ್ಲಿ ಬಂದದ್ದು. ಮಧ್ಯಯುಗದಲ್ಲಿ ಬಾಲ್ಟಿಕ್ ಸಮುದ್ರದ ವ್ಯಾಪಾರ ಹಾನ್ಸ ಎಂಬ ಜರ್ಮನ್ ವರ್ತಕರ ಕೂಟದ ಕೈಯಲ್ಲಿತ್ತು. ಲ್ಯೂಬೆಕ್ ಅದರ ಮುಖ್ಯ ನಗರ, ನಾರ್ವೆಯ ಬರ್ಗೆನ್‌ನಲ್ಲಿ ಅವರದೇ ಕೋಠಿ, ಸ್ಟಾಕ್‌ಹೋಮಿನ ತುಂಬ ಅವರದೇ ಮಾತು. ಅವರ ಕೆಳನಾಡಿನ ಜರ್ಮನ್ ಭಾಷೆಯಿಂದ ಸ್ವೀಡಿಷ್, ಡೇನಿಷ್, ನಾರ್ವೇಜಿಯನ್ ಭಾಷೆಗಳಿಗೆ ಹೊರೆಗಟ್ಟಲೆ ಪದಗಳು ಬಂದವು, ಅವುಗಳೊಳಗೆ ಈ ವಿಷವೂ ಒಂದು. ತವರಿನಲ್ಲಿ ಉಳಿದ ಮಗಳು ಮತ್ತು ಪರದೇಶದಲ್ಲಿ ಬೆಳೆದು ಹಿಂದಿರುಗಿದ ಮಗಳು ಒಂದೇ ಹೆಸರಿನಲ್ಲಿ ಒಂದೇ ಮನೆಯಲ್ಲಿರುವ ಹಾಗೆ. ಹಳೆಯ ನಾರ್ಸಿನಲ್ಲಿ ಅದೇ ಧಾತುವಿನಿಂದ ಅದೃಷ್ಟ ಎಂಬ ಅರ್ಥದ ಪದವೂ ಇತ್ತು. ಮೇಲಿನಿಂದ ಕೊಟ್ಟದ್ದು ಎಂಬ ಭಾವ. ನಮ್ಮಲ್ಲಿ ಭಾಗ್ಯವಂತರನ್ನು ‘ಪಡೆದು ಬಂದವರು’ ಎನ್ನುತ್ತೇವೆ. ಕೊಡುವ ತುದಿಯಿಂದ ನೋಡಿದರೆ ಅವರ ಪದ, ಪಡೆಯುವ ತುದಿಯಿಂದ ನೋಡಿದರೆ ನಮ್ಮದು.

ಡಚ್ಚರು ಜಾಣತನದಿಂದ ಜಗಳ ತೀರಿಸಿಕೊಂಡರು. ಕೊನೆಯ ‘ಟ’ಕಾರವನ್ನು ಬಿಟ್ಟ ‘ಗಿಫ್’ ಅವರಿಗೆ ವಿಷ, ‘ಟ’ಕಾರ ಉಳಿಸಿಕೊಂಡ ‘ಗಿಫ್ಟ್’ ದೇಣಿಗೆ.

‘ದೋಸಿಸ್’ ಬಿಡುವ ಮೊದಲು ಇನ್ನೊಂದು ನಂಟು ಹೇಳಲೇಬೇಕು, ಇದು ನಮ್ಮ ಮನೆಯ ಹೊಸ್ತಿಲಿಗೇ ಬರುತ್ತದೆ. ಆ ಗ್ರೀಕ್ ಪದದ ಧಾತು ‘ದೋ’. ಸಂಸ್ಕೃತದಲ್ಲಿ ಅದೇ ಧಾತುವಿನ ರೂಪ ‘ದಾ’. ದಾನ, ದಾತ, ದತ್ತ, ನಾವು ಮಗುವನ್ನು ತೆಗೆದುಕೊಳ್ಳುವ ದತ್ತು ಎಲ್ಲವೂ ‘ಡೋಸ್’ ಪದದ ದಾಯಾದಿಗಳು. ಲ್ಯಾಟಿನ್ನಿನಲ್ಲಿ ‘ದತ’ ಎಂದರೆ ಕೊಟ್ಟದ್ದು. ರೋಮನ್ನರು ಪತ್ರದಲ್ಲಿ ‘ಇಂಥ ದಿನ ರೋಮಿನಲ್ಲಿ ಕೊಟ್ಟದ್ದು’ ಎಂದು ಬರೆಯುತ್ತಿದ್ದ ಆ ‘ಕೊಟ್ಟದ್ದು’ ಇಂಗ್ಲಿಷಿನಲ್ಲಿ ತಾರೀಕಿನ ‘ಡೇಟ್’ ಆಯಿತು, ಅದರ ನಪುಂಸಕ ಲಿಂಗದ ಬಹುವಚನ ಕಂಪ್ಯೂಟರಿನ ‘ಡೇಟಾ’ ಆಯಿತು. ಕನ್ನಡಕ್ಕೆ ಅದನ್ನು ತರುವವರು ‘ದತ್ತಾಂಶ’ ಎಂದು ಕಟ್ಟಿದಾಗ, ಸಾವಿರಾರು ವರ್ಷದ ಹಿಂದೆ ಬೇರೆಯಾದ ಅದೇ ಧಾತು ಮರಳಿ ಡೇಟಾದ ಪಕ್ಕ ಬಂದು ಕುಳಿತಿತು. ವಿಷಕ್ಕೆ ಎದುರಾಗಿ ಕೊಡುವ ಮದ್ದಿಗೆ ಇಂಗ್ಲಿಷಿನಲ್ಲಿ ‘ಆ್ಯಂಟಿಡೋಟ್’ ಎನ್ನುತ್ತಾರೆ. ಅದರ ಬಾಲವೂ ಇದೇ ಧಾತು. ಎದುರಾಗಿ ಕೊಟ್ಟದ್ದು ಎಂದರ್ಥ.

ಇನ್ನು ನಿಮ್ಮ ‘ಮಿಸ್ಟ್’. ಮೊಮ್ಮಗಳು ನಕ್ಕದ್ದರಲ್ಲಿ ತಪ್ಪಿಲ್ಲ. ಜರ್ಮನ್ ರೈತರ ಕೊಟ್ಟಿಗೆಯ ಹಿಂದಿನ ತಿಪ್ಪೆ ‘ಮಿಸ್ಟ್’, ಕೆಲಸ ಕೆಟ್ಟಾಗ ಜನ “ಎಂಥ ಮಿಸ್ಟ್!” ಎಂದು ಗೊಣಗುವುದೂ ಅದನ್ನೇ. ಇಂಗ್ಲಿಷಿನ ‘ಮಿಸ್ಟ್’ ಮಂಜು. ಇಲ್ಲಿ ಮಂಜಿನಿಂದ ಗೊಬ್ಬರಕ್ಕೆ ಅರ್ಥದ ದಾರಿ ಹುಡುಕಬಾರದು, ಏಕೆಂದರೆ ದಾರಿಯೇ ಇಲ್ಲ. ಇವು ಎರಡು ಬೇರೆ ಧಾತುಗಳು. ಅದನ್ನು ಸ್ಪಷ್ಟವಾಗಿ ತೋರಿಸಿಕೊಡುವುದು ಸಂಸ್ಕೃತ. ಇಂಗ್ಲಿಷಿನ ಮಂಜಿಗೆ ಸಂಸ್ಕೃತದ ಬಂಧು ‘ಮೇಘ’. ಲಿಥುವೇನಿಯನ್ನಿನಲ್ಲಿ ಮಂಜಿಗಿರುವ ‘ಮಿಗ್ಲ’ ಕೂಡ ಆ ಕುಟುಂಬದ್ದು. ಜರ್ಮನ್ನಿನ ಗೊಬ್ಬರಕ್ಕೆ ಸಂಸ್ಕೃತದ ಬಂಧು ‘ಮೇಹ’, ಎಂದರೆ ಮೂತ್ರ. ಮಧುಮೇಹ, ಪ್ರಮೇಹಗಳಲ್ಲಿರುವ ಮೇಹ. ಗಂಜಲ ನೆನೆದ ಹಾಸು, ಸಗಣಿ, ತಿಪ್ಪೆ ಎಂದು ಆ ಅರ್ಥ ಬೆಳೆದದ್ದು ಯಾವ ರೈತನಿಗೂ ಬಿಡಿಸಿ ಹೇಳಬೇಕಿಲ್ಲ.

ಸಂಸ್ಕೃತ, ಗ್ರೀಕ್, ಲ್ಯಾಟಿನ್, ಜರ್ಮ್ಯಾನಿಕ್ ಎಲ್ಲಕ್ಕೂ ತಾಯಿಯಾದ ಇನ್ನೂ ಹಳೆಯ ಮೂಲ ಭಾಷೆಯಲ್ಲಿದ್ದ ‘ಘ’ಕಾರದಂಥ ಧ್ವನಿಗಳಲ್ಲಿ ಎರಡು ಇಲ್ಲಿ ಮುಖ್ಯ. ಒಂದು ಗಂಟಲಿನ ಕಡೆಗೆ, ಇನ್ನೊಂದು ಅಂಗುಳಿನ ಕಡೆಗೆ. ಜರ್ಮ್ಯಾನಿಕ್ ಭಾಷೆಗಳಲ್ಲಿ ಅವೆರಡೂ ಒಂದಾಗಿ ಬೆರೆತುಹೋದವು. ಆದ್ದರಿಂದ ಮಂಜೂ ಗೊಬ್ಬರವೂ ಒಂದೇ ರೂಪ ತಾಳಿದವು. ಸಂಸ್ಕೃತ ಒಂದನ್ನು ‘ಘ’ ಆಗಿಯೂ ಇನ್ನೊಂದನ್ನು ‘ಹ’ ಆಗಿಯೂ ಬೇರೆ ಬೇರೆ ಇಟ್ಟುಕೊಂಡಿತು. ಮೇಘ ಮತ್ತು ಮೇಹ ಎಂಬ ಎರಡು ಪದಗಳನ್ನು ನಿಧಾನವಾಗಿ ಉಚ್ಚರಿಸಿದರೆ, ಇಂಗ್ಲಿಷ್ ಮತ್ತು ಜರ್ಮನ್ ಕಿವಿಗೆ ಕಳೆದುಹೋದ ವ್ಯತ್ಯಾಸ ನಿಮ್ಮ ನಾಲಿಗೆಯ ಮೇಲೆ ಇದೆ. ಕನ್ನಡದಲ್ಲೂ ಇಂಥದ್ದು ಇದೆ. ‘ಹತ್ತು ರೂಪಾಯಿ’ ಎಂಬಲ್ಲಿನ ಹತ್ತು, ‘ಬೆಂಕಿ ಹತ್ತಿತು’ ಎಂಬಲ್ಲಿನ ಹತ್ತು ನಮಗೆ ಒಂದೇ ಸದ್ದು. ತಮಿಳರಿಗೆ ಸಂಖ್ಯೆ ‘ಪತ್ತು’, ಬೆಂಕಿಯದು ‘ಪಱ್ಱು’. ನಾವು ಕಳೆದುಕೊಂಡ ‘ಱ’ಕಾರ ಅವರಲ್ಲಿ ಉಳಿದಿರುವುದರಿಂದ ನಮ್ಮ ಎರಡು ‘ಹತ್ತು’ಗಳು ಬೇರೆ ಬೇರೆ ಎಂದು ತಿಳಿಯುತ್ತದೆ. ಒಂದು ಭಾಷೆಯ ಗುಟ್ಟನ್ನು ಪಕ್ಕದ ಮನೆಯ ಭಾಷೆ ಕಾಪಾಡಿರುತ್ತದೆ. ನನ್ನ ವಿದ್ಯಾರ್ಥಿಗಳು ಯಾವುದೇ ಎರಡು ಪದಗಳನ್ನು ತಂದು ಇವು ನೆಂಟರೇ ಎಂದು ಕೇಳಿದಾಗ ನಾನು ಮೊದಲು ಕಳಿಸುವುದು ಆ ಪಕ್ಕದ ಮನೆಗೆ.

ಕೊನೆಗೆ ಚಟ್ನಿಪುಡಿ. ಅಂಚೆಯ ಸುಂಕದ ನಮೂನೆಯಲ್ಲಿ ‘ಗಿಫ್ಟ್’ ಎಂದು ಇಂಗ್ಲಿಷಿನಲ್ಲಿ ಮುದ್ರಿತವಾಗಿರುವ ಚೌಕಕ್ಕೆ ಧೈರ್ಯವಾಗಿ ಗುರುತು ಹಾಕಿ. ಅದು ಅಂತರರಾಷ್ಟ್ರೀಯ ನಮೂನೆ, ಅಲ್ಲಿನ ಸಿಬ್ಬಂದಿಗೆ ಅದು ಯಾವ ಭಾಷೆಯ ಪದವೆಂದು ಗೊತ್ತು. ಆದರೆ ಪೆಟ್ಟಿಗೆಯ ಮೇಲೆ ನಿಮ್ಮ ಕೈಯಿಂದ ಬರೆಯುವುದಾದರೆ, ಅದೂ ಒಳಗಿರುವುದು ಕೆಂಪು ಪುಡಿಯಾದ್ದರಿಂದ, ‘ಗೆಶೆಂಕ್’ ಎಂದು ಬರೆಯಿರಿ. ಅಳಿಯನ ಸ್ನೇಹಿತರಿಗೆ ಸ್ವೀಡನ್ನಿಗೆ ಕಳಿಸುವಾಗ ‘ಗೋವ’ ಎಂದು ಬರೆಯಿರಿ, ಕಾಗುಣಿತವನ್ನು ಮಗಳು ಹೇಳುತ್ತಾಳೆ. ಅದು ಅವರ ಉಡುಗೊರೆಯ ಪದ, ‘ಗಿಫ್ಟ್’ ಹುಟ್ಟಿದ ಅದೇ ‘ಕೊಡು’ ಧಾತುವಿನದು.